ಹೆಸರು ಹಿಡಿಯದ ಅಳು

ದರಿಬಡಚಿಯಲ್ಲಿ ಯಾರ ಮನೆಯಲ್ಲಾದರೂ ಸಾವಾದರೆ ಮೊದಲು ಅಯ್ಯನವರಿಗೆ ಹೇಳಿ ಕಳಿಸಬೇಕೋ ಗುರವ್ವನಿಗೋ ಎಂದು ಗಂಡಸರು ಅಂಗಳದಲ್ಲಿ ನಿಂತು ಮಾತಾಡುತ್ತಿರುವಾಗಲೇ ಗುರವ್ವ ಬಂದು ಹೊಸ್ತಿಲಲ್ಲಿ ಕೂತಿರುತ್ತಿದ್ದಳು. ಬಂದವಳು ಕೂಡಲೇ ಅಳುತ್ತಿರಲಿಲ್ಲ. ಸೊಸೆಯನ್ನೋ ಮಗಳನ್ನೋ ಪಕ್ಕಕ್ಕೆ ಕರೆದು, ಸತ್ತವನು ಕೊನೆಗೆ ಏನು ಬೇಡಿದ, ಯಾವ ಮಗ್ಗುಲಿಗೆ ಮಲಗುತ್ತಿದ್ದ, ಎತ್ತುಗಳನ್ನು ಏನೆಂದು ಕರೆಯುತ್ತಿದ್ದ ಎಂದು ಮೆಲ್ಲಗೆ ಕೇಳಿಕೊಳ್ಳುತ್ತಿದ್ದಳು. ಆಮೇಲೆ ಸೆರಗು ಮುಂದೆಳೆದುಕೊಂಡು, ಹೆಣದ ತಲೆಯ ಬಳಿ ಕೂತು, ಹೆಸರು ಹಿಡಿದು ದನಿ ತೆಗೆಯುತ್ತಿದ್ದಳು. ಧೂಳಪ್ಪನೆಂಬ ಜಗಳಗಂಟ ಮುದುಕ ಸತ್ತಾಗ, ದಿನಾ ಮಜ್ಜಿಗೆ ಹುಳಿಯೆಂದು ಬೈದೂ ಗಡಿಗೆಯ ತಳ ಕಾಣುವವರೆಗೆ ಕುಡಿಯುತ್ತಿದ್ದನಲ್ಲ ಎಂದು ಹಾಡಿಕೊಂಡು ಅತ್ತಳು. ಬೆಳಗಿನಿಂದ ಒಂದು ಹನಿ ಕಣ್ಣೀರು ಹಾಕದೆ ಕೂತಿದ್ದ ಅವನ ಹೆಂಡತಿ ಆ ಮಾತು ಕೇಳಿದ್ದೇ ಎದೆ ಬಡಿದುಕೊಂಡು ಬಿದ್ದಳು.

ಅವಳದೊಂದು ಹಟವಿತ್ತು. ಅಳುವಾಗ ಸುಳ್ಳು ಸೇರಿಸುವವಳಲ್ಲ. ಜಿಪುಣನನ್ನು ಧರ್ಮರಾಯ ಎಂದು ಹೊಗಳಿ ಅಳು ಎಂದು ಅವನ ಮಕ್ಕಳು ಕಾಲು ಹಿಡಿದರೂ ಆಗುವುದಿಲ್ಲ ಎನ್ನುತ್ತಿದ್ದಳು. ಹೆಣದ ಮುಂದೆ ಸುಳ್ಳು ಹೇಳಿದರೆ ಅದು ಕೇಳಿಸಿಕೊಳ್ಳುತ್ತದೆ ಎಂಬುದು ಅವಳ ನಂಬಿಕೆ.

ಊರಿಗೆಲ್ಲ ಅತ್ತ ಈ ಗುರವ್ವ ತನ್ನ ಹೊಟ್ಟೆಯಲ್ಲಿ ಹುಟ್ಟಿದ ಮಗನಿಗೆ ಮಾತ್ರ ಅಳುವಂತಿರಲಿಲ್ಲ. ಅಮೋಗಸಿದ್ದ ಒಬ್ಬನೇ ಮಗ. ಐದು ವರ್ಷದ ಹಿಂದೆ, ಸುಗ್ಗಿ ಮುಗಿದ ಮೇಲೆ, ಇಪ್ಪತ್ತರ ವಯಸ್ಸಿನಲ್ಲಿ, ಮೂರು ಜನರ ಜೊತೆ ಬಾರ್ಶಿಯ ಹತ್ತಿ ಗಿರಣಿಗೆ ದುಡಿಯಲು ಹೋದ. ಮುಂಗಾರು ಬಂದಾಗ ಮೂವರು ಬಂದರು. ಇವನು ಬರಲಿಲ್ಲ. ಎಲ್ಲಿ ಎಂದು ಕೇಳಿದರೆ ಬೇರೆ ಕೆಲಸ ಹುಡುಕಿಕೊಂಡು ಹೋದ ಎಂದರು. ಆಮೇಲೆ ಕಾಗದವಿಲ್ಲ, ಸುದ್ದಿಯಿಲ್ಲ. ಮನೆಯಲ್ಲಿ ಉಳಿದವಳು ಸೊಸೆ ಸಿದ್ದವ್ವ. ಹದಿನೈದಕ್ಕೆ ಮದುವೆಯಾಗಿ ಬಂದವಳಿಗೆ ಈಗ ಇಪ್ಪತ್ತೊಂದು. ಅತ್ತೆ ಹೇಳಿದಂತೆ ದಿನಾ ಸಂಜೆ ಒಂದು ರೊಟ್ಟಿ ಹೆಚ್ಚು ಬಡಿದು, ಬುಟ್ಟಿಯಲ್ಲಿ ಮುಚ್ಚಿಟ್ಟು, ಮರುದಿನ ತಾನೇ ತಿನ್ನುತ್ತಿದ್ದಳು. ನಾಲ್ಕು ವರ್ಷ ಏನೂ ಕೇಳದೆ ಬಡಿದಳು. ಐದನೆಯ ವರ್ಷ ಒಮ್ಮೊಮ್ಮೆ, "ಅತ್ತಿ, ಬಡೀಲೋ ಬ್ಯಾಡೋ?" ಎಂದು ಕೇಳತೊಡಗಿದಳು. ಆ ಪ್ರಶ್ನೆ ಗುರವ್ವನ ಎದೆಯಲ್ಲಿ ಮುಳ್ಳು ಮುರಿದಂತೆ ಕೂತಿತು.

ಸಿದ್ದವ್ವನ ತಂದೆ, ಸೊರಡಿಯ ತಮ್ಮಣ್ಣ, ಮೂರು ಸಲ ಬಂದು ಹೋಗಿದ್ದ. ಹುಡುಗಿಗೆ ಉಡಿಕಿ ಮಾಡಿ, ಅಂದರೆ ಎರಡನೆಯ ಮದುವೆ ಮಾಡಿ ಕೊಡಬೇಕೆಂದು ಅವನ ಆಸೆ. ಉಟಗಿಯಲ್ಲಿ ಹೆಂಡತಿ ಸತ್ತ ಒಬ್ಬ ಒಳ್ಳೆಯ ಮನುಷ್ಯ ಒಪ್ಪಿದ್ದ. ಯುಗಾದಿಯವರೆಗೆ ಕಾಯುತ್ತೇನೆ, ಆಮೇಲೆ ಇಲ್ಲ ಎಂದಿದ್ದ. ಆದರೆ ಹೆತ್ತವಳು ಹೆಸರು ಹಿಡಿದು ಅಳುವವರೆಗೆ ಆ ಕಡೆಯ ಯಾವ ಊರೂ ಮಗನನ್ನು ಸತ್ತವನೆಂದು ಒಪ್ಪುತ್ತಿರಲಿಲ್ಲ. ಒಪ್ಪದೆ ಹೆಂಡತಿಯ ಬಳೆ ಒಡೆಯುವಂತಿಲ್ಲ. ಬಳೆ ಒಡೆಯದೆ ಉಡಿಕಿಯಿಲ್ಲ.

"ಯವ್ವಾ, ಒಂದ ಸಲ ದನಿ ತಗಿ. ನಮ್ಮ ಹುಡುಗಿ ಹಾದಿ ಬಿಡಸು," ಎಂದು ತಮ್ಮಣ್ಣ ಕಟ್ಟೆಯ ಮೇಲೆ ಕೂತು ಬೇಡಿಕೊಂಡ.

"ಬದಕಿದಾಂವನ ಮ್ಯಾಲ ನಾ ಹ್ಯಾಂಗ ಅಳಲಿ ಬೀಗರ?"

"ಬದಕ್ಯಾನಂತ ಯಾರ ಹೇಳ್ಯಾರ?"

"ಸತ್ತಾನಂತ ಯಾರ ಹೇಳ್ಯಾರ?"

ತಮ್ಮಣ್ಣ ಚಹಾ ಕೂಡ ಕುಡಿಯದೆ ಎದ್ದು ಹೋದ. ಒಳಗೆ ಸಿದ್ದವ್ವ ಬೀಸುತ್ತಿದ್ದ ಕಲ್ಲು ನಿಂತಿತ್ತು. ಸ್ವಲ್ಪ ಹೊತ್ತಾದ ಮೇಲೆ ಮತ್ತೆ ಶುರುವಾಯಿತು.

ಅದೇ ವರ್ಷ ಮಾಘದಲ್ಲಿ ಊರಿನ ಶಾಲೆಯ ಶ್ರೀಶೈಲಪ್ಪ ಮಾಸ್ತರರಿಗೆ ಸಿನಿಮಾದ ಹುಚ್ಚು ತಲೆಗೇರಿತು. ಶಿವರಾತ್ರಿಯ ನಂತರ ಸ್ನೇಹಸಮ್ಮೇಳನ. ಏಳನೆಯ ತರಗತಿಯ ಹನ್ನೊಂದು ಹುಡುಗರು ಒಂದು ದೆವ್ವದ ನಾಟಕ ಆಡುವವರಿದ್ದರು: ಹಾಳು ಬಾವಿಯ ಹೆಣ್ಣೊಬ್ಬಳು ಹಾದಿಯಲ್ಲಿ ಹೋಗುವವನನ್ನು ಅತ್ತು ಕರೆಯುವ ಕತೆ. ಹಿಂದಿನ ವರ್ಷದ ನಾಟಕಕ್ಕೆ ಪಾತ್ರಧಾರಿಗಳ ತಾಯಂದಿರು ಮತ್ತು ಎರಡು ನಾಯಿ ಬಂದಿದ್ದವು. ಮಾಸ್ತರರು ಜತ್ತಿಗೆ ಹೋಗಿ ಡೇರೆ ಸಿನಿಮಾ ನೋಡಿ ಬಂದಾಗ ಅಸಲು ಆಟಕ್ಕಿಂತ ಅವರ ಮನಸ್ಸಿಗೆ ಹತ್ತಿದ್ದು ಅದಕ್ಕೆ ಮೊದಲು ತೋರಿಸಿದ, ಮುಂದಿನ ವಾರ ಬರುವ ಚಿತ್ರದ ತುಣುಕುಗಳು.

"ಇಷ್ಟ ತೋರಿಸಿ ಪಟ್ಟನ ಬಂದ ಮಾಡಿದ್ರು," ಎಂದು ಮರುದಿನ ಹುಡುಗರಿಗೆ ಹೇಳಿದರು. "ನನಗ ರಾತ್ರಿ ನಿದ್ದಿ ಇಲ್ಲ. ಮುಂದ ಏನಾತೋ, ಏನಾತೋ. ನಾವೂ ಹಂಗ ಮಾಡೂಣು. ನಾಟಕಕ್ಕ ಮೊದಲ ಒಂದ ನಮೂನಿ ಮಾಡಿ, ಜತ್ತಿನ ಸಂತಿ, ಉಟಗಿ, ಸೊರಡಿ, ಎಲ್ಲಾ ಕಡೆ ತೋರಸೂಣು."

ಶಾಲೆಯ ಹಿಂದಿನ ಕೋಣೆಯಲ್ಲಿ ನಮೂನಿಯ ವಿಚಾರ ಶುರುವಾಯಿತು. ಪರದೆಗೆ ಮಾಸ್ತರರ ಧೋತರ. ಅದರಲ್ಲಿ ಹೊಲಿದ ತೇಪೆಯೊಂದು ಇತ್ತು, ಅದನ್ನು ಚಂದ್ರನೆಂದುಕೊಳ್ಳಬೇಕೆಂದು ತೀರ್ಮಾನವಾಯಿತು. ಹಿಂದೆ ಗ್ಯಾಸಬತ್ತಿ. ಬತ್ತಿಗೂ ಪರದೆಗೂ ನಡುವೆ ತಗಡಿನ ಗೊಂಬೆಗಳು. ಅವನ್ನು ಕತ್ತರಿಸಿ ಕೊಡುವವನು ಬಾದಶಹಾ. ಸೀಮೆಎಣ್ಣೆಯ ಹಳೆಯ ಡಬ್ಬಿ ಬಿಚ್ಚಿ ಚಿಮಣಿ, ಲಾಳಿಕೆ, ಮುಚ್ಚಳ ಮಾಡಿ ಬದುಕುವವನು. ಅವನ ಮಗ ಗೌಸ ಏಳನೆಯ ತರಗತಿಯಲ್ಲಿದ್ದ. ಸದ್ದಿನ ಜವಾಬ್ದಾರಿ ಅವನದು.

ದೆವ್ವವನ್ನು ತೋರಿಸಬೇಕೋ ಬೇಡವೋ ಎಂಬುದರ ಮೇಲೆ ಎರಡು ದಿನ ವಾದವಾಯಿತು. ತೋರಿಸಬಾರದು, ತೋರಿಸಿದರೆ ಹೆದರಿಕೆ ಅಲ್ಲಿಗೇ ಮುಗಿಯಿತು ಎಂದರು ಮಾಸ್ತರರು. ನಾಟಕದಲ್ಲಿ ದೆವ್ವ ಆಗುವ ಬಸಗೊಂಡ ಎಂಬ ಹುಡುಗನಿಗೆ ಇದು ತನಗೆ ಮಾಡಿದ ಅಪಮಾನವೆಂದು ಕಂಡಿತು, ಊಟ ಬಿಟ್ಟು ಕೂತ. ಕೊನೆಗೆ ಬಾವಿಯಿಂದ ಒಂದು ಕೈ ಮಾತ್ರ ಮೇಲೆ ಬರಲಿ, ಆ ಕೈ ಬಸಗೊಂಡನದೇ ಇರಲಿ ಎಂದು ರಾಜಿಯಾಯಿತು. ಗೆಜ್ಜೆಯ ಸಪ್ಪಳ ಬೇಡ, ಎಲ್ಲ ದೆವ್ವಗಳೂ ಗೆಜ್ಜೆ ಕಟ್ಟಿಕೊಂಡೇ ಬರುತ್ತವೆ ಎಂದ ಗೌಸ. ತಗಡು ಅಲ್ಲಾಡಿಸಿ ಗುಡುಗು ಮಾಡುತ್ತೇನೆ ಎಂದದ್ದಕ್ಕೆ ಮಾತ್ರ ಮಾಸ್ತರರು, "ಮಾಘದಾಗ ಎಲ್ಲಿ ಗುಡುಗೋ?" ಎಂದು ಗದರಿದರು. ಅಂತೂ ಪಾಟಿಯ ಮೇಲೆ ಬರೆದದ್ದು ಇಷ್ಟು. ಮೊದಲು ಕತ್ತಲೆ, ಒಣ ಜೋಳದ ಕಣಿಕೆಯ ಮೇಲೆ ಹೆಜ್ಜೆಯ ಸಪ್ಪಳ. ಆಮೇಲೆ ಬತ್ತಿಯ ಮುಂದೆ ಕೆಂಪು ಗಾಜು ಹಿಡಿದು ಮುಳುಗುವ ಹೊತ್ತು. ಒಬ್ಬ ಹಾದಿಕಾರ ಎಡದಿಂದ ಬಲಕ್ಕೆ ನಡೆಯುತ್ತಾನೆ. ದೂರದಲ್ಲಿ ಕುರಿಯ ಗಂಟೆ, ಅದು ನಿಂತುಬಿಡುತ್ತದೆ. ಅವನೂ ನಿಲ್ಲುತ್ತಾನೆ. ಬಾವಿಯಿಂದ ಕೈ. ಒಂದು ಹೆಣ್ಣಿನ ಅಳು. ದೀಪ ಬಂದ್.

ಅಳುವಿನಲ್ಲಿ ಎಲ್ಲ ಕೆಟ್ಟಿತು. ಹನ್ನೊಂದು ಹುಡುಗರೂ ಒಬ್ಬೊಬ್ಬರಾಗಿ ಅತ್ತು ತೋರಿಸಿದರು. ಗಂಟಲು ಒಡೆಯುವ ವಯಸ್ಸು. ಕೆಲವರದು ಕುರಿಯಂತೆ, ಕೆಲವರದು ಕುರಿ ಕಾಯುವವನಂತೆ ಕೇಳಿಸಿತು. ಕೇಳುವವರು ನಕ್ಕು ನಕ್ಕು ಹೊಟ್ಟೆ ಹಿಡಿದುಕೊಂಡರು. ಮಾಸ್ತರರು ಟೊಪ್ಪಿಗೆ ತೆಗೆದು ಮೇಜಿನ ಮೇಲಿಟ್ಟು ಬಹಳ ಹೊತ್ತು ಕೂತರು. ಆಮೇಲೆ ಧೈರ್ಯ ಮಾಡಿ ಗುರವ್ವನ ಮನೆಗೆ ನಡೆದರು.

ಗುರವ್ವ ತೊಗರಿ ಹಸನು ಮಾಡುತ್ತಿದ್ದಳು. ಎಲ್ಲ ಕೇಳಿಸಿಕೊಂಡಳು.

"ಯಾರೂ ಸತ್ತಿಲ್ಲದ ಊರಾಗ ನಾ ದನಿ ತಗದರ ಮಂದಿ ನನ್ನ ಬಡೀತಾರ ಮಾಸ್ತರ್ರ."

"ಹೆಸರ ಹಿಡೀಬ್ಯಾಡ್ರಿ ಯವ್ವಾ. ಮಾತ ಬ್ಯಾಡ. ಬರೇ ದನಿ. ಹತ್ತು ಎಣಸೂದ್ರಾಗ ಬಂದ ಮಾಡ್ರಿ."

ಹೆಸರು ಹಿಡಿಯದ ಅಳು ಯಾರದೂ ಅಲ್ಲ, ಅದರಿಂದ ಯಾರಿಗೂ ಕೇಡಿಲ್ಲ ಎಂದು ಅವಳಿಗೂ ಅನ್ನಿಸಿತು. ಆದರೂ ಒಪ್ಪಲಿಲ್ಲ. ಮಾಸ್ತರರು ಎದ್ದು ಹೊರಟಾಗ, "ಎಲ್ಲೆಲ್ಲಿ ತೋರಸ್ತೀರಿ?" ಎಂದು ಸುಮ್ಮನೆ ಕೇಳಿದಳು. ಜತ್ತಿನ ಸಂತೆಗೆ ಎಲ್ಲೆಲ್ಲಿಂದಲೋ ವ್ಯಾಪಾರಸ್ಥರು ಬರುತ್ತಾರೆ, ಬಾರ್ಶಿ, ಪಂಢರಪುರದ ಕಡೆಯವರೂ ನೋಡುತ್ತಾರೆ ಎಂದು ಮಾಸ್ತರರು ಜಂಬದಿಂದ ಹೇಳಿದರು. ಗುರವ್ವನ ಕೈಯಲ್ಲಿನ ಮೊರ ನಿಂತಿತು.

ಮರುದಿನ ಬೆಳಗ್ಗೆ ಅವಳು ತಾನೇ ಶಾಲೆಗೆ ಬಂದಳು. ಜನ್ಮದಲ್ಲಿ ಶಾಲೆಯ ಮೆಟ್ಟಿಲು ಹತ್ತಿದವಳಲ್ಲ, ಬಾಗಿಲಲ್ಲೇ ನಿಂತಳು.

"ದನಿ ಕೊಡತೇನಿ. ಒಂದ ಮಾತ. ಆ ಹಾದಿಯಾಗ ಹೋಗಾಂವ ನನ್ನ ಮಗನ ಹಂಗ ಇರಬೇಕು. ಆಟ ಮುಗದ ಮ್ಯಾಲ ಇಂಥಾಂವನ ಎಲ್ಯಾರೆ ನೋಡೀರೇನಂತ ನಾ ಮಂದೀನ ಕೇಳತೇನಿ."

ಮಾಸ್ತರರ ಮುಖ ಸಣ್ಣಗಾಯಿತು. ದೆವ್ವದ ಹೆದರಿಕೆ ಏರಿ ನಿಂತ ಹೊತ್ತಿನಲ್ಲಿ ಮುದುಕಿಯೊಬ್ಬಳು ಪರದೆಯ ಹಿಂದಿನಿಂದ ಬಂದು ಮಗನನ್ನು ಹುಡುಕತೊಡಗಿದರೆ ನಮೂನಿಯ ಗತಿಯೇನು? ಆದರೆ ಅವಳ ಮುಖ ನೋಡಿ ಇಲ್ಲವೆನ್ನಲು ಆಗಲಿಲ್ಲ. ಒಳ್ಳೆಯ ಮನುಷ್ಯ, ಸಿನಿಮಾದ ಹುಚ್ಚೊಂದನ್ನು ಬಿಟ್ಟರೆ.

ಬಾದಶಹಾನ ಅಂಗಡಿಯ ಮುಂದೆ ಕೂತು ಗುರವ್ವ ಮಗನನ್ನು ಬಾಯಿಂದ ಹೇಳಿದಳು, ಅವನು ತಗಡಿನಲ್ಲಿ ಕತ್ತರಿಸಿದ. ಏಳು ವರ್ಷದವನಿದ್ದಾಗ ಬೇವಿನ ಮರದಿಂದ ಬಿದ್ದು ಎಡ ಹೆಗಲು ಇಳಿದಿತ್ತು. ಅದಕ್ಕೇ ಕಂಬಳಿ ಯಾವಾಗಲೂ ಬಲಕ್ಕೆ. ನಡೆಯುವಾಗ ಕುತ್ತಿಗೆ ಮುಂದೆ. ಮೊದಲ ಗೊಂಬೆ ಪೋಲೀಸನಂತೆ ನೆಟ್ಟಗೆ ನಿಂತಿತು. ಎರಡನೆಯದು ಮುದುಕನಾಯಿತು. ಮೂರನೆಯದನ್ನು ಬಾದಶಹಾ ಬಿಸಿಲಿಗೆ ಹಿಡಿದು ಗೋಡೆಯ ಮೇಲೆ ನೆರಳು ಬೀಳಿಸಿದಾಗ ಗುರವ್ವ ಸೆರಗು ಮುಖಕ್ಕೆ ಎಳೆದುಕೊಂಡಳು. ಬಾದಶಹಾ ಅಮೋಗಸಿದ್ದನನ್ನು ಎತ್ತಿ ಆಡಿಸಿದವನು. ಹುಡುಗ ಬಿದ್ದಾಗ ಬಾದಶಹಾನ ತಾಯಿಯೇ ದರ್ಗಾದಿಂದ ತಾಮ್ರದ ತಾಯತ ತಂದು ಅವನ ಕೊರಳಿಗೆ ಕಟ್ಟಿದ್ದಳು. ಗಿರಣಿಗೆ ಹೋಗುವಾಗ ಅದನ್ನು ಬಿಚ್ಚಿ ಗೂಟಕ್ಕೆ ಹಾಕಿ ಹೋಗಿದ್ದ. ಅಂದಿನಿಂದ ಅದು ಗುರವ್ವನ ಸೊಂಟದ ಸಂಚಿಯಲ್ಲಿತ್ತು.

ಜತ್ತಿನ ಸಂತೆಯ ದಿನ, ಅಡತಿ ಅಂಗಡಿಯೊಂದರ ಹಿಂದಿನ ಕಿಟಕಿಯಿಲ್ಲದ ಕೋಣೆಯಲ್ಲಿ, ಮಧ್ಯಾಹ್ನವೇ ನಮೂನಿ ನಡೆಯಿತು. ಜನ ತುಂಬಿದರು. ಕಣಿಕೆ ಸಪ್ಪಳ ಮಾಡಿತು, ಕೆಂಪು ಹೊತ್ತು ಮುಳುಗಿತು, ಇಳಿದ ಹೆಗಲಿನ ಹಾದಿಕಾರ ಧೋತರದ ಮೇಲೆ ನಡೆದು ಬಂದು ನಿಂತ. ಗುರವ್ವ ದನಿ ತೆಗೆದಳು. ಮುಂದೆ ಕೂತಿದ್ದ ದೊಡ್ಡ ಮೀಸೆಯ ಗಂಡಸೊಬ್ಬ ಪಕ್ಕದವನ ತೋಳು ಹಿಡಿದುಕೊಂಡ. ದೀಪ ಆರಿದಾಗ ಯಾರೂ ಉಸಿರೆತ್ತಲಿಲ್ಲ. ಮಾಸ್ತರರಿಗೆ ಸ್ವರ್ಗ ಮೂರೇ ಗೇಣು.

ಆಮೇಲೆ ಗುರವ್ವ ಮುಂದೆ ಬಂದು ಕೇಳಿದಳು. ಕೆಲವರು ನಕ್ಕರು, ಕೆಲವರು ಎದ್ದು ಹೋದರು. ಕೋಣೆ ಬರಿದಾಗುವ ಹೊತ್ತಿಗೆ ಕಂಬಳಿ ವ್ಯಾಪಾರದ ವಿಠೋಬ ಎಂಬವನು ಹತ್ತಿರ ಬಂದ. ಬಾರ್ಶಿಯ ಕಡೆಯವನು, ಕನ್ನಡ ಚೆನ್ನಾಗಿ ಬರುತ್ತಿತ್ತು. ಗುರವ್ವನ ಜೊತೆ ಆಗ ಇದ್ದವನು ಗೊಂಬೆ ಕಟ್ಟಿಡುತ್ತಿದ್ದ ಬಾದಶಹಾ ಒಬ್ಬನೇ.

"ಈ ಹೆಗಲ ನಾ ನೋಡೇನಿ. ಬಾರ್ಶಿ ಸ್ಟೇಶನ್ ಮುಂದ ಚಾದ ಅಂಗಡಿ ಇಟ್ಟಾನ. ಹೆಸರ ಬ್ಯಾರೆ ಹೇಳ್ತಾನ. ಹೆಂಡತಿ ಅದಾಳ, ಎರಡ ಮಕ್ಕಳ ಅದಾವ."

ಗುರವ್ವನಿಗೆ ಮೊದಲು ಬಂದದ್ದು ಸಂತೋಷ. ಅದನ್ನು ಮುಚ್ಚಿಟ್ಟು ಏನು ಮಾಡುವುದು? ಬದುಕಿದ್ದಾನೆ, ಬದುಕಿದ್ದಾನೆ ಎಂದು ಎದೆ ಬಡಿದುಕೊಂಡಿತು. ಹೆಂಡತಿ ಎಂಬ ಮಾತು ಕಿವಿಗೆ ಬಿದ್ದದ್ದು ಅದರ ಹಿಂದೆ. ಸಂಚಿ ಬಿಚ್ಚಿ ತಾಯತ ತೆಗೆದು ವಿಠೋಬನ ಕೈಗಿಟ್ಟಳು.

"ಅಣ್ಣಾ, ಇದನ್ನ ಅಂವಗ ತೋರಸು. ಒಂದ ಸಲ ಬಂದ ಮಾರಿ ತೋರಸಂತ ಹೇಳು. ಬರಾಕ ಆಗದಿದ್ರ ಈ ಹುಡುಗೀನ ಬಿಟ್ಟೇನಂತ ಒಂದ ಸೋಡಚೀಟಿ ಬರದ ಕೊಡಲಿ. ನಾ ಬೈಯೂದಿಲ್ಲಂತ ಹೇಳು."

ಬಾದಶಹಾನಿಗೆ, ಇದನ್ನು ಯಾರಿಗೂ ಹೇಳಬೇಡ ಎಂದಳು. ಅವನು ಗಂಟಲು ಮುಟ್ಟಿಕೊಂಡು ಆಣೆ ಮಾಡಿದ.

ಆಮೇಲಿನ ಹದಿನೈದು ದಿನ ಅವಳು ಹೇಗೆ ಕಳೆದಳೋ ಅವಳಿಗೇ ಗೊತ್ತು. ಸಂಜೆ ಸಿದ್ದವ್ವ ಒಲೆಯ ಮುಂದೆ ಕೂತು ಆ ಪ್ರಶ್ನೆ ಕೇಳಿದಾಗ, ಗುರವ್ವ ಬಡಿ ಎಂದೂ ಹೇಳಲಾರಳು, ಬೇಡ ಎಂದೂ ಹೇಳಲಾರಳು. ನಿನ್ನ ಮನಸ್ಸು ಎಂದು ಎದ್ದು ಹೊರಗೆ ಹೋಗುತ್ತಿದ್ದಳು. ಸಿದ್ದವ್ವ ಬಡಿದೇ ಬಡಿದಳು. ಆ ಹುಡುಗಿಯ ಒಳ್ಳೆಯತನ ನೋಡಿ ಗುರವ್ವನಿಗೆ ಅವಳ ಮೇಲೆಯೇ ಸಿಟ್ಟು ಬಂತು. ಒಮ್ಮೆಯಾದರೂ ಬೈಯಬಾರದೇ? ಒಮ್ಮೆಯಾದರೂ ಬುಟ್ಟಿ ಎತ್ತಿ ಒಗೆಯಬಾರದೇ?

ನಡುವೆ ಉಟಗಿಯಲ್ಲಿ ನಮೂನಿ ಇತ್ತು. ಅಲ್ಲಿ ಗುರವ್ವನ ದನಿ ಹೊರಡಲೇ ಇಲ್ಲ. ಪರದೆಯ ಮೇಲೆ ಮಗ ಬಂದು ನಿಂತ. ಕೈ ಮೇಲೆದ್ದು ಕಾದು ಕಾದು ಕೆಳಗಿಳಿಯಿತು. ಗೌಸ ತಾನೇ ಏನೋ ಊಳಿಟ್ಟು ದೀಪ ಆರಿಸಿದ. ಮಾಸ್ತರರು ಬೈಯಲಿಲ್ಲ, ಬಿಸಿನೀರು ಕುಡಿಯಿರಿ ಎಂದರು. ಅಂದು ಅವಳು ಜನರನ್ನು ಏನೂ ಕೇಳಲೂ ಇಲ್ಲ. ಅದನ್ನು ಗಮನಿಸಿದವನು ಬಾದಶಹಾ ಒಬ್ಬನೇ.

ಮೂರನೆಯ ಸಂತೆಗೆ ವಿಠೋಬ ಬಂದ. ಗುರವ್ವ ಎಸ್‌ಟಿ ಬಸ್ಸು ಹತ್ತಿ ಒಬ್ಬಳೇ ಹೋಗಿದ್ದಳು. ಅವನು ಕಂಬಳಿಗಳ ರಾಶಿಯ ಹಿಂದೆ ಅವಳನ್ನು ಕೂರಿಸಿ ತಾಯತವನ್ನು ವಾಪಸು ಕೊಟ್ಟ.

"ಕೊಟ್ಟೆ ಯವ್ವಾ. ಅಂಗೈಯಾಗ ಇಟಗೊಂಡ ಭಾಳ ಹೊತ್ತ ನೋಡಿದ. ಗುರುತ ಹಿಡದಾನ, ಅದರಾಗ ಸಂಶೆ ಇಲ್ಲ. ಅಷ್ಟರಾಗ ಹೆಂಡತಿ ಒಳಗಿಂದ ಬಂದ್ಲು. ಏನದು ಅಂದ್ಲು."

"ಏನ ಅಂದ?"

ವಿಠೋಬ ಬೇರೆ ಕಡೆ ನೋಡಿದ. "ನನಗ ತಾಯಿ ಇಲ್ಲ, ನಾ ಹುಟ್ಟಿದಾಗನ ಸತ್ತಾಳ ಅಂದ. ಚೀಟಿ ಗೀಟಿ ಏನೂ ಇಲ್ಲ, ಈ ಕಡೆ ಮತ್ತ ಬರಬ್ಯಾಡ ಅಂದ."

ಗುರವ್ವ ತಾಯತವನ್ನು ಸಂಚಿಗೆ ಹಾಕಿಕೊಂಡು ಎದ್ದಳು. ಬಸ್ಸಿನಲ್ಲಿ ಕಂಡಕ್ಟರ್ ಎರಡು ಸಲ ಕೇಳಿದ ಮೇಲೆ ಊರಿನ ಹೆಸರು ನೆನಪಾಯಿತು. ಅವಳು ಅವನಿಗಾಗಿ ಐದು ವರ್ಷ ಅಳು ತಡೆದು ಕೂತಿದ್ದಳು. ಅವನು ಒಂದು ಗಳಿಗೆಯಲ್ಲಿ ತಾಯಿಯನ್ನು ಹೂಳಿ ಕೈ ತೊಳೆದುಕೊಂಡಿದ್ದ. ಈಗ ಏನು ಮಾಡುವುದು? ಬದುಕಿದ್ದಾನೆ ಎಂದು ಹೇಳಿದರೆ ಸಿದ್ದವ್ವ ಜೀವವಿರುವವರೆಗೆ ಗಂಡ ಬಿಟ್ಟವಳು. ಚೀಟಿಯಿಲ್ಲದೆ ಯಾವ ಹಿರಿಯರೂ ಉಡಿಕಿಗೆ ಒಪ್ಪುವುದಿಲ್ಲ. ಸತ್ತ ಎಂದು ಹೇಳಿದರೆ ಅದು ಸುಳ್ಳು, ಅದೂ ಹೆತ್ತವಳ ಬಾಯಿಂದ. ಯುಗಾದಿಗೆ ತಿಂಗಳಿರಲಿಲ್ಲ. ಎರಡು ದಿನ ಅವಳು ಅನ್ನ ಮುಟ್ಟಲಿಲ್ಲ, ಮೈ ಸರಿಯಿಲ್ಲ ಎಂದು ಸೊಸೆಗೆ ಹೇಳಿದಳು.

ಮೂರನೆಯ ದಿನ ಸೊರಡಿಯ ಸರದಿ. ತವರೂರಲ್ಲವೇ ಎಂದು ಸಿದ್ದವ್ವನೂ ನಮೂನಿಯವರ ಬಂಡಿಯಲ್ಲೇ ಬಂದಳು. ದೀಪ ಹಚ್ಚುವ ಹೊತ್ತಿಗೆ ಚಾವಡಿಯ ಮುಂದೆ ಧೋತರ ಕಟ್ಟಿದರು. ಊರಿಗೆ ಊರೇ ಬಂದು ಕೂತಿತ್ತು, ಹೆಂಗಸರೆಲ್ಲ ಮುಂದೆ. ತಮ್ಮಣ್ಣ ರುಮಾಲು ಸುತ್ತಿಕೊಂಡು ಕಟ್ಟೆಯ ಮೇಲಿದ್ದ.

ನಮೂನಿ ಜತ್ತಿನಲ್ಲಿ ನಡೆದಂತೆಯೇ ನಡೆಯಿತು. ಆದರೆ ಜತ್ತಿನಲ್ಲಿ ವಿಠೋಬನೊಬ್ಬನ ಹೊರತು ಯಾರಿಗೂ ಗೊತ್ತಿರದ ಒಂದು ಸಂಗತಿ, ಆ ಹೆಗಲು ಯಾರದೆಂಬುದು, ಸೊರಡಿಯಲ್ಲಿ ಕೂಸಿಗೂ ಗೊತ್ತಿತ್ತು. ಮದುವೆಯ ಮೆರವಣಿಗೆಯಲ್ಲಿ ಆ ಇಳಿದ ಹೆಗಲನ್ನು ನೋಡಿ ನಕ್ಕವರೇ ಅಲ್ಲಿ ಕೂತಿದ್ದರು. ಹಾದಿಕಾರ ನಡೆದು ಬಂದಾಗ ಹೆಂಗಸರ ನಡುವೆ ಗುಸುಗುಸು ಎದ್ದಿತು. ಅವನು ನಿಂತ. ಗುರವ್ವ, ಈ ಸಲವಾದರೂ ಮಾಸ್ತರರ ಕೆಲಸ ಕೆಡಬಾರದೆಂದು, ಮಾತಿಲ್ಲದ ಬರೀ ದನಿ ತೆಗೆದಳು. ಹತ್ತು ಎಣಿಸುವುದರೊಳಗೆ ನಿಲ್ಲಿಸಿಯೂ ಬಿಟ್ಟಳು.

ಆದರೆ ಅಳು ನಿಲ್ಲಲಿಲ್ಲ. ಪರದೆಯ ಆ ಕಡೆಯಿಂದ ಮುದುಕಿಯೊಬ್ಬಳು ಅದನ್ನು ಎತ್ತಿಕೊಂಡಳು. ಹಿಂದೆಯೇ ಇನ್ನೊಬ್ಬಳು. ಅಳಿಯನ ನೆರಳು ಎದುರಿಗೆ ನಿಂತಿದೆ, ಅವನನ್ನು ಹೆತ್ತವಳು ದನಿ ತೆಗೆದಿದ್ದಾಳೆ. ಸೊರಡಿಯ ಹೆಂಗಸರಿಗೆ ಇನ್ನೇನು ಬೇಕಿತ್ತು? ಅವರು ಎದ್ದು ಧೋತರ ಸರಿಸಿ ಒಳಗೆ ಬಂದರು. ಮುದುಕಿ ಗುರವ್ವನ ಕೊರಳಿಗೆ ತೋಳು ಹಾಕಿ ಪಕ್ಕದಲ್ಲಿ ಕೂತಳು. ದೀಪ ಆರಿಸಬೇಕಾದ ಗೌಸ ಮರಗಟ್ಟಿ ನಿಂತಿದ್ದ. ತಮ್ಮಣ್ಣ ಕಟ್ಟೆಯಿಂದ ಇಳಿದು ರುಮಾಲು ತೆಗೆದ.

"ಇದು ಆಟರಿ," ಎಂದು ಮಾಸ್ತರರು ಒಬ್ಬೊಬ್ಬರ ಮುಂದೆ ಹೋಗಿ ಕೈ ಮುಗಿದರು. "ನಾಟಕದ ನಮೂನಿರಿ. ಖರೇ ಅಲ್ರಿ."

"ಹಡದಾಕಿ ದನಿ ತಗದ ಮ್ಯಾಲ ಆಟ ಎಲ್ಲೀದ್ರಿ ಮಾಸ್ತರ್ರ?" ಎಂದಳು ಮುದುಕಿ. "ಹೆಸರ ಹಿಡೀಲಾರದ ಗಂಟಲದಾಗ ಹಿಡಕೊಂಡಾಳ. ಹಿಡಿಯವ್ವಾ, ಹೆಸರ ಹಿಡದ ಅತ್ತಬಿಡು. ಹಗರ ಆಕ್ಕೈತಿ."

ಗುರವ್ವ ತಲೆ ಎತ್ತಿದಳು. ಸಿದ್ದವ್ವ ಚಾವಡಿಯ ಗೋಡೆಗೆ ಒರಗಿ ನಿಂತಿದ್ದಳು. ಎರಡೂ ಕೈಯ ಬಳೆಗಳನ್ನು ಸೆರಗಿನಲ್ಲಿ ಮುಚ್ಚಿಕೊಂಡಿದ್ದಳು. ಅವಳು ಪರದೆಯನ್ನು ನೋಡುತ್ತಿರಲಿಲ್ಲ, ಜನರನ್ನು ನೋಡುತ್ತಿರಲಿಲ್ಲ. ಅತ್ತೆಯ ಬಾಯನ್ನೇ ನೋಡುತ್ತಿದ್ದಳು. ರೊಟ್ಟಿ ಬಡಿಯಲೋ ಬೇಡವೋ ಎಂದು ಕೇಳುವಾಗಿನ ಅದೇ ಮುಖ. ಆಟ ಎಂದು ಗುರವ್ವ ಒಂದು ಮಾತು ಹೇಳಿದ್ದರೆ ಎಲ್ಲರೂ ಕಣ್ಣು ಒರೆಸಿಕೊಂಡು, ನಾಲ್ಕು ಬೈದು, ಮನೆಗೆ ಹೋಗುತ್ತಿದ್ದರು. ಸಿದ್ದವ್ವನೂ ಬಂಡಿ ಹತ್ತಿ ದರಿಬಡಚಿಯ ಒಲೆಗೆ ಹೋಗುತ್ತಿದ್ದಳು.

ಗುರವ್ವ ಬಾದಶಹಾನ ಕಡೆ ತಿರುಗಿದಳು. ಅವನು ಗೊಂಬೆಯನ್ನು ಇಳಿಸುತ್ತಿದ್ದ.

"ಬಾದಶಹಾ, ಇಳಸಬ್ಯಾಡ. ಹಂಗ ಹಿಡಿ."

ಅವನು ಅವಳನ್ನು ನೋಡಿದ. ಅವನಿಗೆ ಗೊತ್ತಿತ್ತು. ಆದರೂ ಎತ್ತಿ ಹಿಡಿದ. ಪರದೆಯ ಮೇಲೆ ಅಮೋಗಸಿದ್ದ ಮತ್ತೆ ನಿಂತ. ಗುರವ್ವ ಸೆರಗು ಮುಂದೆಳೆದುಕೊಂಡು ಆ ನೆರಳಿನ ತಲೆಯ ಬಳಿ ಕೂತು, ಹೆಸರು ಹಿಡಿದಳು.

"ನನ್ನ ಅಮೋಗಸಿದ್ದಾ, ನನ್ನ ಕೂಸ, ಗಿಡದಿಂದ ಬಿದ್ದ ಹೆಗಲ ಮುರದಾಗ ಅವ್ವ ಅಳತಾಳಂತ ನೀ ಅಳದ ಕುಂತ್ಯಲ್ಲೋ. ಹಸದ ಬಂದ ಬುಟ್ಟಿ ಮುಚ್ಚಳ ತಗದ ನಕ್ಕ್ಯಲ್ಲೋ. ಇಪ್ಪತ್ತ ವರ್ಷ ನನ್ನ ಮಗ ಆಗಿದ್ದಿ, ನನ್ನ ಕೂಸ. ಹೋಗಿ ಬರ್ತೇನಂತ ಹೇಳಿ ಹ್ವಾದಿ. ಬರಲಿಲ್ಲಲ್ಲೋ. ನನ್ನ ಬಿಟ್ಟ ಹ್ವಾದಿ, ಈ ಹುಡುಗೀನ ಬಿಟ್ಟ ಹ್ವಾದಿ. ತಾಯಿ ಇಲ್ಲದಾಂವ ಆಗಿ ಹ್ವಾದಿ. ಇನ್ನ ನಿನ್ನ ಹಾದಿ ನೋಡೂದಿಲ್ಲೋ ನನ್ನಪ್ಪಾ."

ಸತ್ತ ಎಂಬ ಮಾತು ಅದರಲ್ಲಿ ಎಲ್ಲಿಯೂ ಇರಲಿಲ್ಲ. ಅದನ್ನು ಯಾರೂ ಗಮನಿಸಲಿಲ್ಲ. ಇಪ್ಪತ್ತು ವರ್ಷದ ಮಗನ ಬಗ್ಗೆ ಗೊತ್ತಿದ್ದದ್ದನ್ನೆಲ್ಲ ಹೇಳಿ ಮುಗಿಸಿದ ಮೇಲೆ ಅವಳಲ್ಲಿ ಹೇಳಲು ಏನೂ ಉಳಿಯಲಿಲ್ಲ. ಬಾಯಿ ತೆರೆದುಕೊಂಡೇ ಸುಮ್ಮನಾದಳು. ದುಃಖ ಗಂಟಲು ಕಟ್ಟಿತು ಎಂದು ಹೆಂಗಸರು ನೀರು ತಂದರು. ಗೋಡೆಯ ಬಳಿ ಸಿದ್ದವ್ವನ ತಾಯಿ ಮಗಳ ಕೈ ಹಿಡಿದು ಬಳೆ ಒಡೆದಳು. ಆಗ ಸಿದ್ದವ್ವ ಅತ್ತಳು, ಐದು ವರ್ಷದಲ್ಲಿ ಮೊದಲ ಸಲ, ದೊಡ್ಡ ದನಿ ಮಾಡಿ.

ಸಿದ್ದವ್ವ ತವರಿನಲ್ಲೇ ಉಳಿದಳು. ವಾಪಸು ಬರುವಾಗ ಬಂಡಿ ಸೊರಡಿಯ ಹಳ್ಳ ದಾಟಿದ ಮೇಲೆ ಗುರವ್ವ ನಿಲ್ಲಿಸಲು ಹೇಳಿದಳು. ಬಾದಶಹಾ ಕಂದೀಲು ಹಿಡಿದು ಜೊತೆಗೆ ಇಳಿದ. ಅವಳು ದಂಡೆಯ ಮಣ್ಣನ್ನು ಕೈಯಿಂದ ಕೆದರಿ ತಾಯತವನ್ನು ಒಳಗಿಟ್ಟು, ಮೂರು ಹಿಡಿ ಮಣ್ಣು ಹಾಕಿದಳು. ತಗಡಿನ ಗೊಂಬೆಯನ್ನೂ ಇಡಲೇ ಎಂದು ಅವನು ಕೇಳಿದ. ಬೇಡ, ಅದನ್ನು ಮುರಿದು ಯಾರಿಗಾದರೂ ಚಿಮಣಿ ಮಾಡಿಕೊಡು ಎಂದಳು.

ಸಮ್ಮೇಳನಕ್ಕೆ ಎಂದೂ ಬಾರದಷ್ಟು ಜನ ಬಂದರು. ದೆವ್ವ ಬಸಗೊಂಡನ ದನಿಯಲ್ಲಿ ಅತ್ತಿತು, ಜನ ನಕ್ಕರು. ಮಾಸ್ತರರು ಮತ್ತೆ ಎಂದೂ ನಮೂನಿಯ ಹೆಸರೆತ್ತಲಿಲ್ಲ. ಗುರವ್ವನೂ ಆಮೇಲೆ ಯಾರ ಮನೆಯಲ್ಲಿಯೂ ದನಿ ತೆಗೆಯಲಿಲ್ಲ; ಸಾವಿನ ಮನೆಗೆ ಹೋಗಿ, ಹೊಸ್ತಿಲಲ್ಲಿ ಕೂತು, ಎದ್ದು ಬರುತ್ತಿದ್ದಳು.

ಯುಗಾದಿಗೆ ಎಂಟು ದಿನವಿರುವಾಗ ಉಡಿಕಿಯ ಮಾತಿಗೆ ಉಟಗಿಯ ಹಿರಿಯರು ದರಿಬಡಚಿಗೆ ಬಂದರು. ಅವರಲ್ಲಿ ಗುರುಲಿಂಗಪ್ಪ ಎಂಬವನು ಕಟ್ಟುನಿಟ್ಟಿನ ಮನುಷ್ಯ. ನಾಳೆ ತಕರಾರು ಬರಬಾರದು, ಎಲ್ಲ ಖಾತ್ರಿ ಮಾಡಿಕೊಳ್ಳಬೇಕು ಎನ್ನುವವನು. ತಮ್ಮಣ್ಣ ಪಕ್ಕದಲ್ಲಿ ಕೂತಿದ್ದ.

"ತಪ್ಪ ತಿಳೀಬ್ಯಾಡ ಯವ್ವಾ, ಕೇಳಬೇಕಾಗ್ತೈತಿ. ಮಗನ್ನ ಎಲ್ಲಿ ಕಳಕೊಂಡಿ?"

"ಬಾರ್ಶಿಯೊಳಗ."

"ಗುರುತಿನವರು ಯಾರೂ ಇರಲಿಲ್ಲಂತಾರ. ಮಣ್ಣ ಯಾರ ಕೊಟ್ರು?"

ಗುರವ್ವ ತನ್ನ ಎರಡೂ ಅಂಗೈಗಳನ್ನು ಮುಂದೆ ಚಾಚಿ ಅವನಿಗೆ ತೋರಿಸಿದಳು.

"ನಾನ ಕೊಟ್ಟೇನಿ," ಎಂದಳು. "ಈ ಕೈಲೆ."